ಒಣ ಹಾಸಿಗೆ

ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಮೂಗು’ ಅಂದರೆ ಸಾಕಿತ್ತು. ಮೂಗು ಬಂತಾ, ಮೂಗಿಗೆ ಟೀ ಕೊಡಿ, ಈ ಗಂಟನ್ನು ಮೂಗಿಗೇ ಬಿಡಿ. ಅವಳೂ ಬೇಸರವಿಲ್ಲದೆ ಓಗೊಡುತ್ತಿದ್ದಳು. ಮೂವತ್ತೊಂದು ವರ್ಷ ಅವಳು ನಿಂತದ್ದು ಕೊಳೆಬಟ್ಟೆ ವಿಂಗಡಿಸುವ ಮೇಜಿನ ಮುಂದೆ. ಮೇಲಿನ ಏಳು ಮಹಡಿಗಳ ಹಾಸು, ಹೊದಿಕೆ, ದಿಂಬಿನ ಚೀಲಗಳೆಲ್ಲ ಒಂದು ತಗಡಿನ ಕೊಳವೆಯೊಳಗಿಂದ ದಬದಬನೆ ಬಂದು ಬೀಳುತ್ತಿದ್ದವು. ರಕ್ತದ್ದು ತಣ್ಣೀರಿಗೆ, ಔಷಧಿ ಕಲೆಯದ್ದು ಸೋಡಾ ನೀರಿಗೆ, ಉಚ್ಚೆಯದ್ದು ನೇರ ಯಂತ್ರಕ್ಕೆ, ಸೋಂಕಿನದ್ದು ಕೆಂಪು ಚೀಲಕ್ಕೆ. ಉಳಿದವರು ಬಿಡಿಸಿ ನೋಡಿ ಹೇಳುತ್ತಿದ್ದುದನ್ನು ಅವಳು ಗಂಟು ಬಿಚ್ಚುವ ಮೊದಲೇ ಹೇಳುತ್ತಿದ್ದಳು.

“ಐದನೇ ಮಹಡೀಲಿ ಯಾರಿಗೋ ಸಕ್ಕರೆ ಕಾಯಿಲೆ ಏರಿದೆ,” ಅನ್ನುತ್ತಿದ್ದಳು ಒಂದು ಹಾಸನ್ನು ಮೂಗಿನಿಂದ ಒಂದು ಗೇಣು ದೂರ ಹಿಡಿದು.

“ನಿನಗ್ಯಾರು ಹೇಳಿದ್ರು? ಡಾಕ್ಟ್ರಾ?”

“ಹಾಸು ಹೇಳ್ತು.”

ಯಾವ ವಾರ್ಡಿನ ನರ್ಸು ಸೋಮಾರಿ, ಯಾವ ವಾರ್ಡಿನಲ್ಲಿ ಮೂರು ದಿನದಿಂದ ಹಾಸು ಬದಲಿಸದೆ ಮಗುಚಿ ಹಾಕಿದ್ದಾರೆ, ಎಲ್ಲ ಅವಳಿಗೆ ನಿಂತಲ್ಲೇ ಗೊತ್ತು. ಮೇಲಿನ ಹೆಡ್ ನರ್ಸುಗಳು ಅವಳಿಗೆ ಹೆದರುತ್ತಿದ್ದರು. ಆದರೆ ಆ ಮೂವತ್ತೊಂದು ವರ್ಷದಲ್ಲಿ ಅವಳು ಮೆಟ್ಟಿಲು ಹತ್ತಿ ವಾರ್ಡಿಗೆ ಹೋದದ್ದಿಲ್ಲ. ಹೋಗುವ ಕೆಲಸವೂ ಇರಲಿಲ್ಲ. ಸಾವಿರಾರು ಜನರ ಹಾಸು ಅವಳ ಕೈಯಲ್ಲಿ ಹಾದುಹೋಗಿತ್ತು. ಅದರ ಮೇಲೆ ಮಲಗಿದ್ದವರ ಮುಖವನ್ನು ಅವಳು ಕಂಡದ್ದೇ ಇಲ್ಲ.

ನಿವೃತ್ತಿಯಾದ ಮೇಲೆ ಆ ಅಡ್ಡಹೆಸರು ನೆಲಮಾಳಿಗೆಯಲ್ಲೇ ಉಳಿಯಿತು. ಅಕ್ಕನ ಮಗಳು ‘ಚಿಕ್ಕಮ್ಮ’ ಅನ್ನುತ್ತಿದ್ದಳು; ಆ ಹುಡುಗಿಯ ಗಂಡ, ಅಕ್ಕಪಕ್ಕದ ಮನೆಯವರು, ಕೊನೆಗೆ ಔಷಧಿ ಅಂಗಡಿಯವನೂ ಅವಳಿಗೆ ಚಿಕ್ಕಮ್ಮ ಅಂದರು. ಅವಳು ಮದುವೆ ಮಾಡಿಕೊಳ್ಳಲಿಲ್ಲ. ಒಂದು ಕೋಣೆಯ ಮನೆ, ಊದಿಕೊಂಡ ಎರಡು ಮಂಡಿ, ಮತ್ತೆ ಒಬ್ಬಳು ಅಕ್ಕ. ಚಿಕ್ಕಮ್ಮನ ಸಂಸಾರವೆಂದರೆ ಅಷ್ಟೆ.

ಆ ಅಕ್ಕ ನಲವತ್ತು ವರ್ಷ ಶಾಲಾ ಮಕ್ಕಳ ಸಮವಸ್ತ್ರ ಹೊಲಿದವಳು. ಬಾಯಲ್ಲಿ ಯಾವಾಗಲೂ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದುದರಿಂದಲೋ ಏನೋ, ಮಾತು ಕಡಿಮೆ. ಯಾರು ಏನು ಮಾಡಿದರೂ “ಇರ್ಲಿ ಬಿಡೇ” ಅನ್ನುವುದೊಂದೇ ಅವಳ ತೀರ್ಪು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿಯಿತು; ದೊಡ್ಡಾಸ್ಪತ್ರೆಯಲ್ಲಿರುವಾಗಲೇ ಲಕ್ವ ಹೊಡೆದು ಬಲಗೈ, ಬಲಗಾಲು ಹೋದವು. ಎಡಗೈಗೆ ಲೋಟ ಎತ್ತುವಷ್ಟು ಶಕ್ತಿಯಿಲ್ಲ. ಮೂರು ವಾರದ ಮೇಲೆ ಡಾಕ್ಟರು ಕರೆದು ಹೇಳಿದರು:

“ಶನಿವಾರ ಮನೆಗೆ ಕರ್ಕೊಂಡು ಹೋಗಿ. ಎರಡೇ ಮಾತು ನೆನಪಿಟ್ಕೊಳ್ಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮತ್ತೆ ನೀರು. ನೀರು ಸಾಲದೆ ಮೂತ್ರಪಿಂಡ ಸೋತಿದೆ. ಅವರು ಕೇಳೋದಿಲ್ಲ, ನೀವೇ ಕುಡಿಸಬೇಕು. ದಿನಪೂರ್ತಿ, ಚಮಚ ಚಮಚ. ನೀರು ತಪ್ಪಿದ್ರೆ ಮತ್ತೆ ಇಲ್ಲಿಗೇ ತರ್ತೀರಿ. ಆಗ ನನ್ನ ಕೈಲಿ ಏನೂ ಇರಲ್ಲ.”

ಅಕ್ಕನ ಮಗಳ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಏಳು ತಿಂಗಳ ಮಗು. ಗಂಡನಿಗೆ ಪಾಳಿ ಕೆಲಸ. ಅವಳ ಹೆರಿಗೆ ರಜೆ ಮುಗಿದಿತ್ತು. ಮಗುವಿನ ಹಾಲಿನ ಬಾಟಲಿಯನ್ನು ಎರಡೆರಡು ಸಲ ಕುದಿಸಿಯೂ ಮೂರನೇ ಸಲ ಕುದಿಸಲೇ ಎಂದು ಅನುಮಾನಿಸುವ ಹುಡುಗಿ ಅದು. ಅದೇ ಒಲೆಯ ಪಕ್ಕದ ಕೋಣೆಯಲ್ಲಿ ತಾಯಿಯ ಮಲದ ಬಟ್ಟೆ ಎಂದು ನೆನೆಸಿಕೊಂಡೇ ಅತ್ತುಬಿಟ್ಟಳು. ಅತ್ತದ್ದಕ್ಕೆ ನಾಚಿಕೊಂಡು ಮತ್ತೆ ಅತ್ತಳು.

“ಸಾಕು ಮಾರಾಯ್ತಿ, ಹಾಲು ಕೆಟ್ಟೀತು,” ಅಂದಳು ಚಿಕ್ಕಮ್ಮ. “ಎತ್ತಿ ಇಳಿಸೋಕೆ ನನ್ನ ಮಂಡಿ ಆಗಲ್ಲ ಅನ್ನುತ್ತೆ. ಒಳ್ಳೇ ಜಾಗ ಹುಡುಕೋಣ. ಇನ್ನೂ ನಾಲ್ಕು ದಿನ ಇದೆ.”

ಮಗಳು ಎಲ್ಲಿಂದಲೋ ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿ ಮಾಡಿಕೊಂಡಳು. ಚಿಕ್ಕಮ್ಮ ಅದನ್ನು ಓದಿ ಮೂಗಿನಲ್ಲೇ ನಕ್ಕಳು.

“ಇದೆಲ್ಲ ನೀನೇ ಕೇಳು. ನನಗೆ ಹೊಸ್ತಿಲು ದಾಟಿದ್ರೆ ಸಾಕು.”

ಮೊದಲು ನೋಡಿದ ಮುದುಕರ ಆರೈಕೆ ಮನೆಯ ಮುಂಬಾಗಿಲಲ್ಲೇ ಮೀನಿನ ತೊಟ್ಟಿ, ಗಾಜಿನ ಮೇಜು, ಟೈ ಕಟ್ಟಿದ ಮ್ಯಾನೇಜರು. ಗೋಡೆಯ ಮೇಲೊಂದು ಡಬ್ಬಿ ಐದು ನಿಮಿಷಕ್ಕೊಮ್ಮೆ ಪುಸ್ಸೆಂದು ಗುಲಾಬಿ ವಾಸನೆ ಉಗುಳುತ್ತಿತ್ತು. ಚಿಕ್ಕಮ್ಮ ಅದರ ಕೆಳಗೇ ನಿಂತು, ಎರಡು ಪುಸ್ಸಿನ ನಡುವೆ ಉಸಿರೆಳೆದಳು. ಗುಲಾಬಿಯ ಹಿಂದೆ ಇನ್ನೊಂದಿತ್ತು. ಹಳೆಯದು, ನೆಲದ ಸಂದಿಗೆ ಇಳಿದು ಕೂತಿದ್ದು.

“ಇಲ್ಲಿ ಎಲ್ಲಾ ಅಂತರರಾಷ್ಟ್ರೀಯ ಮಟ್ಟದ್ದು ಮೇಡಂ,” ಎಂದ ಮ್ಯಾನೇಜರು.

“ಹಾಸಿಗೆ ಯಾವ ಮಟ್ಟದ್ದು ನೋಡೋಣ,” ಎಂದು ಚಿಕ್ಕಮ್ಮ ಒಳಗೆ ನಡೆದೇಬಿಟ್ಟಳು.

ಮೊದಲನೇ ಮಂಚದಲ್ಲೇ ಹಾಸು ಇಸ್ತ್ರಿ ಮಾಡಿದ್ದು, ನೀಲಿ ಅಂಚು. ಚಿಕ್ಕಮ್ಮ ಕಾಲ ಬದಿಯ ಮೂಲೆಯನ್ನು ಎರಡು ಬೆರಳಲ್ಲಿ ಎತ್ತಿದಳು. ಅದರ ಕೆಳಗೆ ಇನ್ನೊಂದು ಹಾಸು. ಅದರ ಮೇಲೆ ಒಂದರ ಮೇಲೊಂದು ಒಣಗಿದ ಹಳದಿ ಸುತ್ತುಗಳು. ಕನಿಷ್ಠ ನಾಲ್ಕು ದಿನದ್ದು ಎಂದು ಅವಳ ಕಣ್ಣು ಎಣಿಸಿತು. ಮೇಲಿನದು ಬಂದವರಿಗೆ, ಕೆಳಗಿನದು ಮಲಗಿದವರಿಗೆ. ಮಂಚದ ಮೇಲಿದ್ದ ಮುದುಕ ಅವಳನ್ನೇ ನೋಡುತ್ತಿದ್ದ. ಗಡ್ಡದಲ್ಲಿ ಮಧ್ಯಾಹ್ನದ ಊಟ ಒಣಗಿ ಅಂಟಿತ್ತು, ಅದರ ಮೇಲೆ ಒಂದು ನೊಣ ಸಾವಕಾಶವಾಗಿ ತಿರುಗಾಡುತ್ತಿತ್ತು.

ಕೈತೊಳೆಯುವ ತೊಟ್ಟಿಯ ಪಕ್ಕ ದಾರಕ್ಕೆ ಕಟ್ಟಿದ ಒಂದೇ ಬಾಚಣಿಗೆ. ಅದರ ಹಲ್ಲುಗಳಲ್ಲಿ ಬಿಳಿ, ಬೂದು, ಕೆಂಚು ಕೂದಲು ಒಟ್ಟಿಗೆ ಸುತ್ತಿಕೊಂಡು ಜಿಡ್ಡಿನ ಉಂಡೆಯಾಗಿತ್ತು. ಅದರ ಕೆಳಗೆ ಒಂದು ಪ್ಲಾಸ್ಟಿಕ್ ಟಬ್ಬು. ಟಬ್ಬಿನ ಮಬ್ಬು ನೀರಿನಲ್ಲಿ ಹತ್ತು ಹನ್ನೆರಡು ಜನರ ಹಲ್ಲಿನ ಸೆಟ್ಟುಗಳು ಒಂದರ ಮೈಮೇಲೊಂದು ಬಿದ್ದು ಇಳಿಸಂಜೆಯ ಬೆಳಕಿಗೆ ನಗುತ್ತಿದ್ದವು. ಆಯಾ ಒಬ್ಬಳು ಕೈಹಾಕಿ ಒಂದನ್ನು ತೆಗೆದು, ಝಾಡಿಸಿ, ಗಾಲಿಕುರ್ಚಿಯ ಅಜ್ಜನ ಮುಂದೆ ಹಿಡಿದಳು.

“ಇದು ನಿಮ್ದಲ್ವಾ?”

ಅಜ್ಜ ಅಲ್ಲವೆಂದು ತಲೆಯಾಡಿಸಿದ.

“ಹಾಕ್ಕೊಂಡು ನೋಡಿ. ಕೂತ್ರೆ ನಿಮ್ದೇ.”

ಮಗಳು ಮಗುವಿನ ಮುಖವನ್ನು ಎದೆಗೆ ಒತ್ತಿಕೊಂಡು ಹೊರಗೆ ಓಡಿದಳು. ಚಿಕ್ಕಮ್ಮ ನಿಧಾನವಾಗಿ ಬಂದು, ರಸ್ತೆಬದಿಯಲ್ಲಿ ನಿಂತು, ಬಾಯಿತುಂಬ ಬಂದ ನೀರನ್ನು ಉಗುಳಿದಳು.

“ಮೇಲೆ ಥಳುಕು, ಒಳಗೆ ಹುಳುಕು. ಇದನ್ನು ನಡೆಸೋರ ಅಪ್ಪ ಅಮ್ಮನ್ನ ಇಲ್ಲೇ ತಂದು ಮಲಗಿಸ್ಬೇಕು, ಆ ಹಲ್ಲು ಹಾಕಿ.”

“ಚಿಕ್ಕಮ್ಮ, ದಯವಿಟ್ಟು ಹಲ್ಲಿನ ಮಾತು ಬೇಡ.”

ಮರುದಿನ ನೋಡಿದ್ದು ಎರಡನೆಯ ಮನೆ. ಸಣ್ಣ ಬೋರ್ಡು, ಸುಣ್ಣ ಬಳಿದ ಗೋಡೆ, ಥಳುಕಿಲ್ಲ. ಹೊಸ್ತಿಲು ದಾಟಿ ಚಿಕ್ಕಮ್ಮ ನಿಂತಳು. ಮತ್ತೆ ಉಸಿರೆಳೆದಳು. ಸೋಪಿನ ವಾಸನೆ, ಬಿಸಿಲಿಗೆ ಒಣಗಿದ ಹತ್ತಿಬಟ್ಟೆಯ ವಾಸನೆ, ಅದರ ಹಿಂದೆ ಏನೂ ಇಲ್ಲ. ಅವಳ ಮೂಗಿಗೆ ನಂಬಿಕೆಯೇ ಆಗಲಿಲ್ಲ.

ಗಂಜಿ ಹಾಕಿದ ಬಿಳಿ ಕೋಟಿನ ಮೇಟ್ರನ್ ಎಲ್ಲ ಬಾಗಿಲನ್ನೂ ತಾನೇ ತೆರೆದು ತೋರಿಸಿದಳು. ಉದ್ದದ ಹಜಾರ, ಎರಡು ಸಾಲು, ನಲವತ್ತು ಮಂಚ. ಬಾಗಿಲ ಪಕ್ಕ ಕಪ್ಪುಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ದುಂಡಗೆ ಬರೆದಿತ್ತು: ‘ಇಂದು ಒಣ ಹಾಸಿಗೆ – 38’.

“ಇದೇನು?”

“ಬೆಳಿಗ್ಗೆ ಏಳಕ್ಕೆ ಎಣಿಸ್ತೀವಿ. ನಲವತ್ತರಲ್ಲಿ ಎಷ್ಟು ಹಾಸಿಗೆ ಒಣಗಿದೆ ಅಂತ. ಯಾವ ಸಾಲಿನಲ್ಲಿ ಕಡಿಮೆಯಾಯ್ತೋ ಆ ಸಾಲಿನ ಆಯಾ ಉತ್ತರ ಕೊಡಬೇಕು. ಡೈಪರ್ ಹಾಕಲ್ಲ ನಾವು, ಚರ್ಮ ಹುಣ್ಣಾಗುತ್ತೆ. ನಮ್ಮಲ್ಲಿ ಎಲ್ಲಾ ಆರೈಕೆಯ ಮೇಲೇ ನಡಿಯೋದು.”

ಚಿಕ್ಕಮ್ಮ ಐದು ಮಂಚಗಳ ಹಾಸಿನ ಮೂಲೆ ಎತ್ತಿದಳು. ಒಂದೇ ಹಾಸು. ಕೆಳಗಿನ ರಬ್ಬರು ಶೀಟೂ ಒಣಗಿದ್ದು. ಹಿಂಬದಿಯ ಅಂಗಳಕ್ಕೆ ಹೋಗಿ ಕೊಳೆಬಟ್ಟೆಯ ಬುಟ್ಟಿ ನೋಡಿದಳು. ಬೆಳಗಿನಿಂದ ಬಂದದ್ದು ಆರು ಹಾಸು. ನಲವತ್ತು ಮುದುಕರಿಗೆ ಆರು ಹಾಸು! ದೊಡ್ಡಾಸ್ಪತ್ರೆಯಲ್ಲಿ ನಲವತ್ತು ಮಂಚದ ವಾರ್ಡೆಂದರೆ ಅರವತ್ತು ಹಾಸಿಗಿಂತ ಕಡಿಮೆಯಿಲ್ಲ. ಒಳ್ಳೆಯ ಕೆಲಸಗಾರ ಇನ್ನೊಬ್ಬ ಒಳ್ಳೆಯ ಕೆಲಸಗಾರನ ಕೈಕೆಲಸ ಕಂಡಾಗ ಹಿಗ್ಗುವಂತೆ ಅವಳು ಹಿಗ್ಗಿಹೋದಳು.

“ಮೂವತ್ತೊಂದು ವರ್ಷದಲ್ಲಿ ಇಂಥಾ ಬುಟ್ಟಿ ಕಂಡಿಲ್ಲ ನಾನು,” ಎಂದಳು ಮೇಟ್ರನ್‌ಗೆ, ಹಾಸಿನ ಅಂಚನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು. “ಹೊತ್ತು ಹೊತ್ತಿಗೆ ಸರಿಯಾಗಿ ಎಬ್ಬಿಸಿ ಶೌಚಕ್ಕೆ ಕೂರಿಸ್ತಾರೆ ಅನ್ಸುತ್ತೆ. ಎಂಥಾ ಆಯಾಗಳಮ್ಮಾ ನಿಮ್ಮೋರು!”

ಮೇಟ್ರನ್ ವಿನಯದಿಂದ ನಕ್ಕಳು.

ಮಗಳು ಪಟ್ಟಿ ಹಿಡಿದುಕೊಂಡು ಒಂದೊಂದೇ ಕೇಳುತ್ತಿದ್ದಳು. “ಹದಿನಾಲ್ಕು... ಕುಡಿಯುವ ನೀರು ಪ್ರತಿ ಹಾಸಿಗೆಯ ಬಳಿ ಇದೆಯಾ? ಯಾವ ಯಾವ ಹೊತ್ತಿಗೆ ಕೊಡ್ತೀರಿ?”

ಮೇಟ್ರನ್ ಪ್ರತಿ ಮಂಚದ ತಲೆಯ ಮೇಲಿನ ಗೂಡನ್ನು ತೋರಿಸಿದಳು. ಪ್ರತಿ ಗೂಡಿನಲ್ಲೂ ಮುಚ್ಚಿದ ಜಗ್ಗು, ತುಂಬಿದ್ದು. ಹೊತ್ತಿನ ಪ್ರಶ್ನೆಗೆ ಅವಳು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಮಗಳ ಕೈಯ ಪಟ್ಟಿಯನ್ನು ಮಡಿಸಿಬಿಟ್ಟಳು.

“ಸಾಕು ಬಿಡೇ. ನೀರು ಎಷ್ಟೊತ್ತಿಗೆ ಅಂತ ಯಾರಾದ್ರೂ ಕೇಳ್ತಾರಾ? ಹಾಸಿಗೆ ಇಷ್ಟು ಚೆನ್ನಾಗಿ ನೋಡ್ಕೊಳ್ಳೋರು ನೀರು ಕೊಡಲ್ವಾ?”

ಶನಿವಾರ ಅಕ್ಕನನ್ನು ಅಲ್ಲೇ ಸೇರಿಸಿದರು. ಇಪ್ಪತ್ತಾರನೇ ಮಂಚ, ಕಿಟಕಿಯ ಪಕ್ಕ. ಮಗಳು ದಿನಾ ಮಧ್ಯಾಹ್ನ ಕೆಲಸದ ನಡುವೆ ಓಡಿಬಂದು ನೋಡಿ ಹೋಗುತ್ತಿದ್ದಳು; ಚಿಕ್ಕಮ್ಮ ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ಕನ್ನಡಕದ ಆಯಾ ಒಬ್ಬಳು ಅಕ್ಕನಿಗೆ ಚಮಚದಲ್ಲಿ ನೀರು ಕುಡಿಸುತ್ತಿರುವುದು ಕಾಣುತ್ತಿತ್ತು. ಅಕ್ಕ ಒಂದೇ ಸಮ ಚಮಚಕ್ಕೆ ಬಾಯಿ ಚಾಚುತ್ತಿದ್ದಳು.

“ನೋಡಿ, ಎಷ್ಟು ಆಸೆಯಿಂದ ಕುಡೀತಾರೆ,” ಅನ್ನುತ್ತಿದ್ದಳು ಆಯಾ.

ಅದು ಆಸೆ ಎಂದು ಚಿಕ್ಕಮ್ಮನೂ ನಂಬಿದಳು.

ಬುಧವಾರ ಬೆಳಿಗ್ಗೆ ಮಂಡಿಯ ಡಾಕ್ಟರ ಬಳಿ ಸಾಲು ಉದ್ದವಿತ್ತು. ಹಾಗಾಗಿ ಅವಳು ಅಕ್ಕನಲ್ಲಿಗೆ ಬಂದಾಗ ಸಂಜೆ ಐದು ದಾಟಿತ್ತು. ಬಾಗಿಲಲ್ಲಿ ಹಲಗೆ: ‘ಇಂದು ಒಣ ಹಾಸಿಗೆ – 39’. ಚಿಕ್ಕಮ್ಮ ಅದನ್ನು ನೋಡಿ, ತನ್ನ ಮನೆಯ ಮಗುವಿಗೆ ಬಹುಮಾನ ಬಂದಂತೆ ತಲೆದೂಗಿ ಒಳಗೆ ಹೋದಳು.

ಹಜಾರದಲ್ಲಿ ಸದ್ದಿಲ್ಲ. ಬೆಳಿಗ್ಗೆ ಇರುತ್ತಿದ್ದ ಕೆಮ್ಮು, ಗೊಣಗು, ಜಗಳ ಯಾವುದೂ ಇಲ್ಲ. ಅಕ್ಕ ಗರಿಗರಿ ಹಾಸಿನ ಮೇಲೆ ಸೀದಾ ಮಲಗಿದ್ದಳು. ತುಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಾಯಿ ತೆರೆದಾಗ ನಡುವೆ ಬಿಳೀ ಅಂಟು ಎಳೆ ಎಳೆಯಾಗಿ ಹಿಗ್ಗಿತು. ಒಳಗಿನ ನಾಲಿಗೆ ಕಂದುಬಣ್ಣಕ್ಕೆ ತಿರುಗಿ, ಸವೆದ ಚಪ್ಪಲಿಯ ಅಟ್ಟೆಯ ಹಾಗೆ ಬಿರಿದಿತ್ತು.

“ಅಕ್ಕಾ! ಏನೇ ಬಾಯಿ ಹಿಂಗೆ?”

ಅಕ್ಕನ ತುಟಿ ಎರಡು ಸಲ ಅಲುಗಿದ ಮೇಲೆ ಮಾತು ಬಂತು. “ಸ್ವಲ್ಪ ನೀರು.”

“ಕೇಳ್ಬಾರ್ದಾ?”

“ಕೇಳ್ದೆ. ಬೆಳಿಗ್ಗೆ ಕೊಡ್ತೀನಿ ಅಂದ್ಲು. ಇರ್ಲಿ ಬಿಡೇ. ಹಲಗೇಲಿ ಕಮ್ಮಿಯಾದ್ರೆ ಅವಳಿಗೆ ಬೈತಾರಂತೆ.”

ಚಿಕ್ಕಮ್ಮ ಗೂಡಿನ ಜಗ್ಗು ಇಳಿಸಿದಳು. ಅಂಚಿನವರೆಗೂ ತುಂಬಿತ್ತು, ಮೇಲೆ ಎರಡು ಸತ್ತ ಗುಂಗಾಡಿ ಹುಳ ತೇಲುತ್ತಿದ್ದವು. ನೀರನ್ನು ಕಿಟಕಿಯಿಂದ ಆಚೆ ಚೆಲ್ಲಿ, ನಲ್ಲಿಯಲ್ಲಿ ತುಂಬಿ ತಂದು, ಚಮಚ ಹಿಡಿದು ಕೂತಳು. ಮೂರನೇ ಚಮಚಕ್ಕೆ ಕನ್ನಡಕದ ಆಯಾ ಓಡಿ ಬಂದಳು.

“ಅಯ್ಯೋ ಅಮ್ಮಾ, ಏನ್ಮಾಡ್ತಿದ್ದೀರಾ! ಮೂರೂವರೆ ಮೇಲೆ ನೀರು ಕೊಡಂಗಿಲ್ಲ.”

“ಯಾಕೆ?”

ಆಯಾಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. “ಒದ್ದೆ ಮಾಡ್ಕೋತಾರಲ್ಲ.”

“ಮತ್ತೆ ಯಾವಾಗ ಕೊಡ್ತೀರಿ?”

“ಬೆಳಿಗ್ಗೆ ಏಳಕ್ಕೆ. ಎಣಿಸಿ ಆದ್ಮೇಲೆ.”

ಚಿಕ್ಕಮ್ಮನ ಕೈಯ ಚಮಚ ಅಲ್ಲೇ ನಿಂತಿತು. ಎದುರು ಮಂಚದ ಮುದುಕನ ಕಣ್ಣು ಆ ಚಮಚದ ಮೇಲಿತ್ತು. ಅವಳು ಕೈ ಎತ್ತಿದರೆ ಕಣ್ಣೂ ಮೇಲಕ್ಕೆ, ಇಳಿಸಿದರೆ ಕೆಳಕ್ಕೆ. ಪಕ್ಕದ ಮಂಚದ ಅಜ್ಜಿ ಗೋಡೆಗೆ ಮುಖ ತಿರುಗಿಸಿಕೊಂಡು ಏನನ್ನೋ ಚೀಪುತ್ತಿದ್ದಳು. ಚಿಕ್ಕಮ್ಮ ಬಗ್ಗಿ ನೋಡಿದಳು. ಬೂದುಬಣ್ಣದ ಬಟ್ಟೆಯ ಚೂರು. ಬೆಳಿಗ್ಗೆ ಮೈ ಒರೆಸಿದ ಬಟ್ಟೆಯನ್ನು ಅಜ್ಜಿ ಹೇಗೋ ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡಿದ್ದಳು. ಅದರಲ್ಲಿ ಉಳಿದ ತೇವವನ್ನು ಹೀರುತ್ತಿದ್ದಳು. ಚಿಕ್ಕಮ್ಮ ಅದನ್ನು ಮೆಲ್ಲಗೆ ಎಳೆದಳು. ಅಜ್ಜಿ ಒಸಡಿನಿಂದಲೇ ಕಚ್ಚಿ ಹಿಡಿದಳು. ಬಟ್ಟೆ ಕೈಗೆ ಬಂದಾಗ ಹಳೆಯ ಅಭ್ಯಾಸದ ಮೂಗು ತಾನಾಗಿ ತನ್ನ ಕೆಲಸ ಮಾಡಿತು. ಅದು ಮೈಯ ಯಾವ ಯಾವ ಜಾಗವನ್ನು, ಎಷ್ಟು ಜನರದ್ದನ್ನು ಒರೆಸಿ ಬಂದ ಬಟ್ಟೆ ಎಂದು ಅವಳಿಗೆ ಗೊತ್ತಾಗಿಹೋಯಿತು.

ನೆಲಮಾಳಿಗೆಯಲ್ಲಿ ಕರುಳಿನ ರೋಗಿಗಳ ಗಂಟು ಬಿಚ್ಚಿದವಳು, ಸತ್ತವರ ಹಾಸು ಹಿಂಡಿದವಳು, ಒಂದು ದಿನವೂ ವಾಂತಿ ಮಾಡಿಕೊಳ್ಳದವಳು, ಅಲ್ಲೇ ಮಂಚದ ಪಕ್ಕ, ಗಾಜಿನ ಹಾಗೆ ಹೊಳೆಯುವ ನೆಲದ ಮೇಲೆ ಕಾರಿಕೊಂಡಳು.

ಮೇಟ್ರನ್ ಬಂದಳು. ಮೊದಲು ನೆಲ ನೋಡಿದಳು, ಆಮೇಲೆ ಚಿಕ್ಕಮ್ಮನನ್ನು.

“ನೀರಿಲ್ದೆ ಹದಿನೈದು ಗಂಟೆ ಮಲಗಿಸ್ತೀಯಲ್ಲ, ನೀನು ಮನುಷ್ಯಳೇನಮ್ಮಾ?” ಎಂದಳು ಚಿಕ್ಕಮ್ಮ, ಬಾಯಿ ಒರೆಸಿಕೊಳ್ಳದೆ.

ಮೇಟ್ರನ್ ಸಿಟ್ಟಾಗಲಿಲ್ಲ. ಅದೇ ವಿನಯ. “ನೋಡಿ ಅಮ್ಮಾ, ಬರೋರೆಲ್ಲ ಬಾಗಿಲಲ್ಲೇ ನಿಂತು ಮೂಸಿ ನೋಡ್ತೀರಿ. ಸ್ವಲ್ಪ ನಾತ ಬಂದ್ರೆ ತಿರುಗಿ ಹೋಗ್ತೀರಿ. ನಾಲ್ಕು ಆಯಾ ಇಟ್ಕೊಂಡು ನಲವತ್ತು ಹಾಸಿಗೆ ನಾತ ಇಲ್ದೆ ಇರ್ಬೇಕು ಅಂದ್ರೆ ಹೆಂಗೆ ಆಗುತ್ತೆ? ಹಾಸಿಗೆ ಒಣಗಿದ್ರೆ ಹುಣ್ಣಿಲ್ಲ, ಹುಣ್ಣಿಲ್ದಿದ್ರೆ ದೂರಿಲ್ಲ. ಆರು ಹಾಸಿನ ಬುಟ್ಟಿ ನೋಡಿ ಹೊಗಳಿದ್ದು ನೀವೇ ಅಲ್ವಾ? ಹಾಸಿನ ಅಂಚು ಹಿಡ್ಕೊಂಡು ಹೊಗಳಿದ್ರಿ.”

ಚಿಕ್ಕಮ್ಮ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದಳು. ಬಿಳೀ ಹಾಸಿನ ವಿಷಯದಲ್ಲಿ ಮಾತ್ರ ಆ ಗಾದೆ ತನಗೆ ಬೇಕಾಗಿಲ್ಲ ಎಂದುಕೊಂಡಿದ್ದಳು. ಬುಟ್ಟಿಯಲ್ಲಿ ಆರೇ ಹಾಸಿದ್ದರೆ ಉಳಿದ ಮೂವತ್ತನಾಲ್ಕು ಜನರ ಮೈಯಿಂದ ನೀರು ಎಲ್ಲಿ ಹೋಯಿತು ಎಂದು ಲಾಂಡ್ರಿಯಲ್ಲಿ ನಿನ್ನೆ ಸೇರಿದವಳೂ ಕೇಳಬೇಕಿತ್ತು. ಆ ಮೇಟ್ರನ್ ಮೇಲಿನ ಹೇಸಿಗೆ ಒಂದು ಪಾಲಾದರೆ, ಹಾಸಿನ ಅಂಚು ಹಿಡಿದು ಹಲ್ಲು ಕಿರಿದ ತನ್ನ ಮೇಲೆ ಹತ್ತು ಪಾಲು ಹೇಸಿಗೆ ಬಂತು.

ಅವಳು ಜಗ್ಗು ಎತ್ತಿಕೊಂಡು ಎದುರು ಮಂಚಕ್ಕೆ ಹೋದಳು. ಮುದುಕ ಕುಡಿದ. ಪಕ್ಕದ ಅಜ್ಜಿ ಕುಡಿದಳು. ಅದರಾಚೆಯವರು, ಅದರಾಚೆಯವರು. ಮೇಟ್ರನ್ ಆಯಾಗಳನ್ನು ಕರೆತಂದು ಜಗ್ಗು ಕಿತ್ತುಕೊಳ್ಳುವಷ್ಟರಲ್ಲಿ ಒಂದು ಸಾಲು ಮುಗಿದಿತ್ತು. ಆಗ ಚಿಕ್ಕಮ್ಮ ಮಗಳಿಗೆ ಫೋನು ಮಾಡಿ, “ಗಂಡನ್ನ ಕರ್ಕೊಂಡು ವ್ಯಾನು ತಗೊಂಡು ಬಾ. ಈಗಲೇ,” ಎಂದಳು.

“ಎಲ್ಲಿಗೆ ಚಿಕ್ಕಮ್ಮ? ಎಲ್ಲಿಗೆ ಕರ್ಕೊಂಡು ಹೋಗೋದು?”

“ನಿನ್ನ ಮನೆಗೆ. ಬೈಯೋದು, ಅಳೋದು ಆಮೇಲೆ. ಮೊದ್ಲು ಬಾ.”

ಅಳಿಯನೂ ವ್ಯಾನಿನ ಡ್ರೈವರೂ ಅಕ್ಕನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಹೊತ್ತರು. ಮರುದಿನ ದೊಡ್ಡಾಸ್ಪತ್ರೆಯ ಡಾಕ್ಟರು ರಕ್ತ ಪರೀಕ್ಷೆ ನೋಡಿ, “ಇನ್ನೆರಡು ದಿನ ಬಿಟ್ಟಿದ್ರೆ ಮಾತಾಡೋ ಹಾಗೇ ಇರ್ತಿರಲಿಲ್ಲ,” ಎಂದರಷ್ಟೆ. ಮಗಳು ಆರೈಕೆ ಮನೆಗಳ ತಪಾಸಣೆ ಇಲಾಖೆಗೆ ಎರಡು ಪುಟ ದೂರು ಬರೆದಳು. ಒಬ್ಬ ಅಧಿಕಾರಿ ಹೋಗಿ ನೋಡಿ ಬಂದರಂತೆ, ಬೆಳಿಗ್ಗೆ ಹನ್ನೊಂದಕ್ಕೆ. ಪ್ರತಿ ಹಾಸಿಗೆಯ ಬಳಿಯೂ ನೀರಿತ್ತು, ಹಾಸಿಗೆಗಳು ಮಾದರಿಯಾಗಿದ್ದವು ಎಂದು ಉತ್ತರ ಬಂತು. ಮಗಳು ಅದನ್ನು ಓದಿ ಹೇಳುವಾಗ ಚಿಕ್ಕಮ್ಮ ಬಚ್ಚಲಲ್ಲಿ ಹಾಸು ಹಿಂಡುತ್ತಿದ್ದಳು.

ಹಾಸು ಹಿಂಡುವುದಕ್ಕೆ ಲೆಕ್ಕವೇ ಇರಲಿಲ್ಲ. ಕುಡಿಸಿದಷ್ಟೂ ಅಕ್ಕ ಒದ್ದೆ ಮಾಡುತ್ತಿದ್ದಳು. ಚಿಕ್ಕಮ್ಮ ತನ್ನ ಒಂದು ಕೋಣೆಯ ಮನೆ ಬಿಟ್ಟು ಬಂದು ಅಲ್ಲೇ ನೆಲದ ಮೇಲೆ ಮಲಗಿದಳು. ಮಗಳು ಒಂದು ಕೈಯಲ್ಲಿ ಮಗುವಿನ ಬಟ್ಟೆ, ಇನ್ನೊಂದರಲ್ಲಿ ತಾಯಿಯದು ಹಿಡಿದು, ಕೈ ತೊಳೆದೂ ತೊಳೆದೂ ಬೆರಳ ಚರ್ಮ ಸುಲಿದುಕೊಂಡಳು. ಒಮ್ಮೆ ಬಾಟಲಿಯನ್ನು ಹಾಸು ನೆನೆಸಿದ ಬಕೆಟ್ಟಿನ ಪಕ್ಕ ಇಟ್ಟದ್ದಕ್ಕೆ ಚಿಕ್ಕಮ್ಮನ ಮೇಲೆ ಕಿರುಚಿದಳು. ಎಂಟನೇ ದಿನ ಅಕ್ಕನ ಮಗ್ಗುಲು ಬದಲಿಸಲು ಹೋಗಿ ಚಿಕ್ಕಮ್ಮನ ಮಂಡಿ ಮಡಿಸಿಕೊಂಡಿತು; ಇಬ್ಬರೂ ಒಟ್ಟಿಗೆ ಉರುಳುವುದು ಸ್ವಲ್ಪದರಲ್ಲಿ ತಪ್ಪಿತು.

“ಇನ್ನೊಂದು ಜಾಗ ನೋಡ್ಲೇಬೇಕು ಕಣೇ,” ಎಂದಳು, ಗೋಡೆ ಹಿಡಿದು ಏಳುತ್ತ. “ಈ ಸಲ ಸಂಜೆ ಐದೂವರೆಗೆ ಹೋಗೋಣ. ಹೇಳದೆ.”

“ಪಟ್ಟಿ ತರ್ಲಾ?”

ಚಿಕ್ಕಮ್ಮ ಅವಳ ಮುಖ ನೋಡಿದಳು. “ತಾ,” ಎಂದಳು.

ಹಾಗೆ ಹೇಳದೆ ಎರಡು ಕಡೆ ಹೋದರು; ಒಳಗೆ ಬಿಡಲಿಲ್ಲ. ಮೂರನೆಯದು ಹಳೆಯ ಗೋದಾಮಿನಂಥ ಉದ್ದನೆಯ ಕಟ್ಟಡ. ಗೇಟಿನಲ್ಲೇ ನಾತ ಎದುರುಗೊಂಡಿತು. ಹಳೆಯದಲ್ಲ, ಆಗತಾನೇ ಆದದ್ದು, ಬೆಚ್ಚಗಿನದು, ಕಣ್ಣಿಗೆ ಹತ್ತುವಂಥದ್ದು. ಬಾಗಿಲ ಪಕ್ಕ ಕರುವಿನಷ್ಟು ದಪ್ಪದ ಒದ್ದೆ ಹಾಸಿನ ಗಂಟು. ಮಗಳು ಮೂಗಿಗೆ ಕರವಸ್ತ್ರ ಒತ್ತಿಕೊಂಡಳು. ಚಿಕ್ಕಮ್ಮನೂ ಒಂದು ಕಾಲು ಹಿಂದಕ್ಕೆ ಇಟ್ಟೂಬಿಟ್ಟಳು.

ಒಳಗೆ ದಪ್ಪನೆಯ ಆಯಾ ಒಬ್ಬಳು ಕೆಟಲು ಹಿಡಿದು ಮಂಚದಿಂದ ಮಂಚಕ್ಕೆ ಗುಡುಗುತ್ತಿದ್ದಳು.

“ಕುಡೀರಿ ಅಜ್ಜಾ! ಇನ್ನೊಂದು ಗುಟುಕು! ನಾನೇನು ವಿಷ ಹಾಕಿದ್ದೀನಾ?”

“ಹೊಟ್ಟೆ ಕೊಡವಾಗಿದೆ ಕಣೇ, ಬಿಡು!”

“ಕೊಡ ತುಂಬ್ಲಿ, ಆಮೇಲೆ ಬಿಡ್ತೀನಿ.” ಆಮೇಲೆ ಬಾಗಿಲ ಕಡೆ ತಿರುಗಿ, “ಯಾರ್ ಬೇಕು? ಮೂಗು ಮುಚ್ಕೊಳ್ಳೋದಾದ್ರೆ ಹೊರಗೇ ನಿಂತು ಮುಚ್ಕೊಳ್ಳಿ.”

ಚಿಕ್ಕಮ್ಮ ಹಾಸಿನ ಮೂಲೆ ಎತ್ತಲಿಲ್ಲ. ಹತ್ತಿರದ ಮಂಚದ ಅಜ್ಜಿಯ ಮುಂದೆ ಬಗ್ಗಿ, “ಅಜ್ಜೀ, ಸ್ವಲ್ಪ ನಾಲಿಗೆ ತೋರಿಸ್ತೀರಾ?” ಎಂದಳು.

ಅಜ್ಜಿ ಹಿಂದುಮುಂದು ನೋಡದೆ ಚಾಚಿದಳು. ತೇವವಾದ, ನಸುಗೆಂಪು ನಾಲಿಗೆ. ಪಕ್ಕದವನೂ ತನ್ನನ್ನು ಕೇಳುವ ಮೊದಲೇ ಚಾಚಿದ. ಅದು ಆಟವೆಂದುಕೊಂಡು ಆ ಸಾಲಿನಲ್ಲಿ ನಾಲ್ಕೈದು ಮುದುಕರು ನಾಲಿಗೆ ಹೊರಹಾಕಿ ಕೂತರು. ಒಬ್ಬ ಆಯಾಳ ಕಡೆಗೇ ತಿರುಗಿಸಿ ಅಣಕಿಸಿದ.

“ಏನಿದು, ನೀವೇನು ಡಾಕ್ಟ್ರಾ?” ಎಂದಳು ಆಯಾ.

“ಅಲ್ಲ. ಈಗ ಇಷ್ಟು ಕುಡಿಸ್ತಿದ್ದೀರಲ್ಲ, ರಾತ್ರಿ ಒದ್ದೆ ಆಗಲ್ವಾ?”

“ಆಗುತ್ತೆ. ಆಗ್ದೆ ಏನು? ಮೇಲಿಂದ ಹಾಕಿದ್ದು ಕೆಳಗಿಂದ ಬರ್ಲೇಬೇಕು. ಬರ್ದಿದ್ರೆ ನಂಗೆ ಭಯ.”

“ಹಾಸಿಗೆ ಹುಣ್ಣು?”

“ಇಬ್ಬರಿಗಿದೆ. ಒಬ್ರು ಬರುವಾಗ್ಲೇ ತಂದಿದ್ದು, ಇನ್ನೊಬ್ರದ್ದು ನಮ್ಮದೇ ತಪ್ಪು. ನೋಡ್ಬೇಕಾ?”

ಚಿಕ್ಕಮ್ಮ ನೋಡಿದಳು. ಹುಣ್ಣು ಹುಣ್ಣೇ, ಕೆಂಪಗೆ, ರೂಪಾಯಿಯಗಲ. ಆದರೆ ಸುತ್ತ ಒರೆಸಿ ಔಷಧಿ ಹಚ್ಚಿತ್ತು. ಶೌಚದ ಕೊಠಡಿಯ ಬಾಗಿಲು ಮುರಿದಿತ್ತು. ಗೋಡೆಯ ಬುಡದಲ್ಲಿ ಒಂದು ಜಿರಳೆ ಯಾರ ಭಯವೂ ಇಲ್ಲದೆ ಹೋಗುತ್ತಿತ್ತು. ಮಗಳು ಪಟ್ಟಿಯ ಇಪ್ಪತ್ತೆರಡರಲ್ಲಿ ಒಂಬತ್ತಕ್ಕೆ ತಪ್ಪು ಗುರುತು ಹಾಕಿ, ಕಣ್ಣಲ್ಲಿ ನೀರು ತಂದುಕೊಂಡಳು.

“ಚಿಕ್ಕಮ್ಮ, ಈ ನಾತದಲ್ಲಿ ಅಮ್ಮನ್ನ ಹೆಂಗೆ ಬಿಡೋದು?”

“ಮೂಗು ಹಿಡ್ಕೊಂಡು,” ಎಂದಳು ಚಿಕ್ಕಮ್ಮ. “ದಿನಾ ಸಂಜೆ ಐದಕ್ಕೆ ನಾನು ಬರ್ತೀನಿ. ಒಂದು ದಿನ ನಾಲಿಗೆ ಒಣಗಿರ್ಲಿ, ಇವಳನ್ನೂ ಸುಮ್ನೆ ಬಿಡಲ್ಲ.”

“ಬನ್ನಿ, ಬನ್ನಿ. ಬಂದೋರ ಕೈಗೆ ಕೆಟಲು ಕೊಡ್ತೀನಿ,” ಎಂದಳು ಆಯಾ. “ಯಾರಿಗೆ ಹಾಸಿಗೆ?”

“ನಮ್ಮಕ್ಕನಿಗೆ.”

“ಕುಡಿಯೋಕೆ ಆಗುತ್ತಾ?”

“ಚಮಚದಲ್ಲಿ.”

“ದಿನಕ್ಕೆ ಎಷ್ಟು ಸಲ ಒದ್ದೆ?”

“ಆರು. ಏಳೂ ಆಗುತ್ತೆ.”

“ಹಾಗಾದ್ರೆ ಮನೆಯಿಂದ ಎಂಟು ಹಾಸು ತಂದ್ಬಿಡಿ, ನಮ್ಮ ಹತ್ರ ಸಾಲಲ್ಲ. ಖಾಲಿ ಇರೋದು ಮೂಲೆಯ ಮಂಚ, ಶೌಚದ ಪಕ್ಕ. ನಾತ ಇನ್ನೂ ಜಾಸ್ತಿ, ಈಗ್ಲೇ ಹೇಳಿದ್ದೀನಿ. ನೋಡ್ತೀರಾ?”

“ಒಂದ್ನಿಮಿಷ,” ಎಂದಳು ಚಿಕ್ಕಮ್ಮ. ಗೇಟಿನವರೆಗೆ ಕುಂಟುತ್ತ ಹೋಗಿ, ಬಾಯಲ್ಲಿ ತುಂಬಿದ್ದ ನೀರನ್ನು ಉಗುಳಿ, ಹೊರಗಿನ ಗಾಳಿಯನ್ನು ಎದೆತುಂಬ ಎಳೆದುಕೊಂಡಳು. ಆಮೇಲೆ ಮಂಚ ನೋಡಲು ಮತ್ತೆ ಒಳಗೆ ಬಂದಳು.